ಪದ ಪರಿಚಯ: 'ಅನಪೇಕ್ಷಿತ ವರ್ತನೆ' – ರಾತ್ರಿ ಬರೋ ಮೆಸೇಜ್‌ಗೂ ಇದು ಅನ್ವಯಿಸುತ್ತಾ?

ರಾತ್ರಿ ಹತ್ತೂವರೆಗೆ ಟೀಮ್‌ನವರೊಬ್ಬರಿಂದ ವಾಟ್ಸಾಪ್ ಬರುತ್ತೆ, "ಊಟ ಆಯ್ತಾ?" ಅಂತ. ಎರಡು ದಿನ ಬಿಟ್ಟು "ಡಿಪಿ ಸೂಪರ್, ಆ ಸೀರೆಲಿ ಬೇರೆ ಥರಾನೇ ಕಾಣ್ತೀರ". ಆಮೇಲೆ "ಆನ್‌ಲೈನ್ ಇದ್ದೀರಲ್ಲ, ಯಾಕೆ ರಿಪ್ಲೈ ಇಲ್ಲ?" ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡೋರಿಗಾದ್ರೆ ಸೂಪರ್‌ವೈಸರ್ ಮಿಸ್ಡ್ ಕಾಲ್ ಮೇಲೆ ಮಿಸ್ಡ್ ಕಾಲ್. ಯಾರಿಗಾದ್ರೂ ಹೇಳಿದ್ರೆ "ಆಫೀಸ್ ಮುಗಿದ ಮೇಲೆ ತಾನೇ, ಅದು ನಿಮ್ಮಿಬ್ಬರ ಪರ್ಸನಲ್ ವಿಷಯ" ಅಂದುಬಿಡ್ತಾರೆ. ಈ ಮಾತು ತಪ್ಪು.

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಗೆ 2013ರಲ್ಲಿ ಬಂದ ಕಾಯ್ದೆ, ನಾವೆಲ್ಲ ಪಾಶ್ ಅನ್ನೋದು, ನಿಂತಿರೋದೇ 'ಅನಪೇಕ್ಷಿತ' ಅನ್ನೋ ಪದದ ಮೇಲೆ. ಅಂದ್ರೆ ಆ ಹೆಣ್ಣುಮಗಳಿಗೆ ಬೇಡವಾಗಿದ್ದು. ಕಳಿಸಿದವನು ತಮಾಷೆಗೆ ಕಳಿಸಿದ್ನಾ, ಒಳ್ಳೆ ಮನಸ್ಸಿಂದ ಕಳಿಸಿದ್ನಾ ಅನ್ನೋದಕ್ಕಿಂತ ಅದು ಅವಳಿಗೆ ಬೇಕಿತ್ತಾ ಬೇಡವಾಗಿತ್ತಾ ಅನ್ನೋದೇ ಇಲ್ಲಿ ದೊಡ್ಡದು. ಮುಟ್ಟೋದು, ಲೈಂಗಿಕ ಬೇಡಿಕೆ ಇಡೋದು, ಅಶ್ಲೀಲ ಚಿತ್ರ ತೋರಿಸೋದು, ಆ ಅರ್ಥ ಬರೋ ಮಾತಾಡೋದು ಎಲ್ಲಾ ಇದರೊಳಗೆ ಬರುತ್ತೆ. ಹಾಗಂತ ಒಂದು "ಊಟ ಆಯ್ತಾ" ತಾನಾಗೇ ಕಿರುಕುಳ ಆಗಲ್ಲ, ಅದನ್ನೂ ನೇರವಾಗಿ ಹೇಳ್ಬೇಕು. ಆ ಸೀರೆ ಮಾತು, ರಿಪ್ಲೈ ಯಾಕಿಲ್ಲ ಅನ್ನೋ ಒತ್ತಾಯ, ಅಪ್ರೈಸಲ್ ನನ್ನ ಕೈಲಿದೆ ಅನ್ನೋ ಸುಳಿವು, ಇವೆಲ್ಲ ಒಂದರ ಹಿಂದೆ ಒಂದು ಸೇರಿದಾಗ ಅದರ ಬಣ್ಣ ಗೊತ್ತಾಗುತ್ತೆ.

ಇನ್ನು ಆಫೀಸ್ ಹೊರಗೆ ಅನ್ನೋ ವಾದ. ಕಾಯ್ದೆಯಲ್ಲಿ ಕೆಲಸದ ಸ್ಥಳ ಅಂದ್ರೆ ಬರೀ ಬಿಲ್ಡಿಂಗ್ ಅಲ್ಲ, ಕೆಲಸದ ನಿಮಿತ್ತ ಹೋದ ಜಾಗ, ಕಂಪನಿ ಕ್ಯಾಬ್, ಅಷ್ಟೇ ಯಾಕೆ ಮನೆ ಕೂಡ ಆ ಪಟ್ಟಿಲಿದೆ. ನಂಬರ್ ಸಿಕ್ಕಿದ್ದೇ ಆಫೀಸ್ ಗ್ರೂಪಿಂದ, ಬೆಳಗ್ಗೆ ಎದ್ದು ಅವನ ಎದುರೇ ಹೋಗಿ ಕೂರ್ಬೇಕು ಅಂದಮೇಲೆ ಗಡಿಯಾರ ನೋಡಿ ಬೇರೆ ಮಾಡೋಕಾಗಲ್ಲ.

ನಮ್ಮಲ್ಲಿ ತುಂಬಾ ಜನ ಹುಡುಗೀರು ಮಾಡೋದು ಏನಂದ್ರೆ, ಇದ್ದಕ್ಕಿದ್ದಂತೆ "ಅಣ್ಣ" ಅಂತ ಕರೆಯೋಕೆ ಶುರು ಮಾಡೋದು, ಅರ್ಥ ಮಾಡ್ಕೊಂಡು ಸುಮ್ಮನಾಗ್ತಾನೆ ಅಂತ. ಇಲ್ಲಾಂದ್ರೆ ಒಂದು ಸ್ಮೈಲಿ ಹಾಕಿ ಬಿಟ್ಟುಬಿಡೋದು. ಜಗಳ ಬೇಡ ಅನ್ನೋ ಅವರ ಸಂಕಟ ನನಗೆ ಪೂರ್ತಿ ಅರ್ಥ ಆಗುತ್ತೆ, ಆದ್ರೂ ಸಾಧ್ಯವಾದ್ರೆ ಒಂದು ಸಲ ಬರವಣಿಗೆಯಲ್ಲಿ ಹೇಳಿಬಿಡಿ: "ಕೆಲಸದ ವಿಷಯ ಬಿಟ್ಟು ಬೇರೆ ಯಾವುದಕ್ಕೂ ನನಗೆ ಮೆಸೇಜ್, ಕಾಲ್ ಮಾಡ್ಬೇಡಿ. ಕೆಲಸದ್ದಿದ್ರೆ ಮೇಲ್ ಹಾಕಿ." ಸಾರಿ ಬೇಡ, ಎಮೋಜಿ ಬೇಡ. ಮೊದಲು ಬೇಡ ಅಂದಿರಲೇಬೇಕು ಅಂತ ಪಾಶ್ ಕೇಳಲ್ಲ, ಹೇಳೋಕೆ ಭಯ ಆಗಿ ಸುಮ್ಮನಿದ್ದೋರೂ ದೂರು ಕೊಡಬಹುದು. ಆದ್ರೆ ಕ್ರಿಮಿನಲ್ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್, ಅಂದ್ರೆ ಸ್ಟಾಕಿಂಗ್, ಹೇಳೋದೇ ಹೆಣ್ಣು ಆಸಕ್ತಿ ಇಲ್ಲ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಪದೇಪದೇ ಹಿಂದೆ ಬಿದ್ದು ಸಂಪರ್ಕ ಮಾಡೋದರ ಬಗ್ಗೆ, ಅಲ್ಲಿ ಆ ಒಂದು ಮೆಸೇಜ್‌ಗೆ ತುಂಬಾ ಬೆಲೆ ಇದೆ. ಮೊದಲ ಸಲ ಸಾಬೀತಾದ್ರೆ 3 ವರ್ಷದವರೆಗೆ ಜೈಲು, ಮತ್ತೆ ಮಾಡಿದ್ರೆ 5 ವರ್ಷದವರೆಗೆ.

ಬ್ಲಾಕ್ ಮಾಡೋ ಮುಂಚೆ ಸ್ಕ್ರೀನ್‌ಶಾಟ್ ತಗೊಳ್ಳಿ, ನಂಬರ್, ತಾರೀಕು, ಟೈಮ್ ಕಾಣೋ ಹಾಗೆ, ಕಾಲ್ ಲಾಗ್ ಕೂಡ. ಕೋಪದಲ್ಲಿ ಚಾಟ್ ಡಿಲೀಟ್ ಮಾಡ್ಬೇಡಿ.

ಪಾಶ್ ದೂರು ಹೋಗೋದು ಕೆಲಸದ ಕಡೆಯೇ ಇರೋ ಇಂಟರ್ನಲ್ ಕಮಿಟಿಗೆ, 10 ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಅದು ಇರಲೇಬೇಕು, ಅಧ್ಯಕ್ಷತೆ ಮಹಿಳೆಯದ್ದೇ, ಹೊರಗಿನ ಸದಸ್ಯರೂ ಒಬ್ಬರು. ಕೊನೆಯ ಘಟನೆಯಿಂದ 3 ತಿಂಗಳೊಳಗೆ ಲಿಖಿತವಾಗಿ ಕೊಡಬೇಕು, ತಕ್ಕ ಕಾರಣ ಇದ್ರೆ ಕಮಿಟಿ ಇನ್ನೂ 3 ತಿಂಗಳು ಕೊಡಬಹುದು, ವಿಚಾರಣೆ 90 ದಿನದಲ್ಲಿ ಮುಗಿಸ್ಬೇಕು. ವಿಚಾರಣೆ ನಡೀವಾಗ ಅವನ ಪಕ್ಕ ಕೂರೋಕಾಗಲ್ಲ ಅನ್ನಿಸಿದ್ರೆ ಟ್ರಾನ್ಸ್‌ಫರ್ ಅಥವಾ 3 ತಿಂಗಳವರೆಗೆ ರಜೆ ಕೇಳಬಹುದು, ಇದು ನಿಮ್ಮ ಮಾಮೂಲಿ ರಜೆಯಿಂದ ಕಟ್ ಆಗಲ್ಲ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ, ಹಾಗಾಗಿ ಕೆಲಸಾನೇ ಬಿಟ್ಟು ಹೋಗ್ತಾರೆ, ನನಗೆ ತುಂಬಾ ಬೇಜಾರಾಗೋದು ಇದಕ್ಕೇ.

ಗಂಡಸರಿಗೆ ಇಂಥದ್ದೇ ತೊಂದರೆ ಆದ್ರೆ ಪಾಶ್ ಕೆಳಗೆ ದೂರು ಕೊಡೋಕಾಗಲ್ಲ, ಕಂಪನಿ ಪಾಲಿಸಿ ನೋಡಿ ಎಚ್‌ಆರ್‌ಗೆ ಬರೀಬೇಕು. 10ಕ್ಕಿಂತ ಕಡಿಮೆ ಜನ ಇರೋ ಅಂಗಡಿ, ಕ್ಲಿನಿಕ್‌ನಲ್ಲಿ ಕೆಲಸ ಮಾಡೋ ಹೆಣ್ಮಕ್ಕಳು, ಅಥವಾ ದೂರು ಇರೋದೇ ಮಾಲೀಕನ ಮೇಲೆ ಅನ್ನೋರು, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಡಬಹುದು. ಮನೆಗೆಲಸದವರಿಗೂ ಅದೇ ಸಮಿತಿ. ಅವನು ಮನೆ ಹತ್ರಾನೇ ಬಂದು ನಿಂತಿದ್ರೆ ಮಾತ್ರ ಕಮಿಟಿಗೆ ಅಂತ ಕಾಯ್ಬೇಡಿ, 112ಕ್ಕೆ ಫೋನ್ ಮಾಡಿ.