ಚಂದ್ರನ ಕುಳಿಗಳನ್ನು ಫೋನ್ ಎಲ್ಲಿಂದ ತಂದಿತು?

ಎಡಿಟ್ ಮಾಡದ ಡಿಜಿಟಲ್ ಫೋಟೋ ಅನ್ನುವುದೇ ಇಲ್ಲ. ಹೆಚ್ಚಿನ ಕ್ಯಾಮೆರಾಗಳ ಸೆನ್ಸರಿನಲ್ಲಿ, ಅಂದರೆ ಬೆಳಕನ್ನು ಹಿಡಿಯುವ ಚಿಪ್ಪಿನಲ್ಲಿ, ಒಂದೊಂದು ಪಿಕ್ಸೆಲ್ (ಚಿತ್ರದ ಒಂದು ಚುಕ್ಕಿ) ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನಷ್ಟೇ ಅಳೆಯುತ್ತದೆ. ಉಳಿದೆರಡನ್ನು ಅಕ್ಕಪಕ್ಕದ ಪಿಕ್ಸೆಲ್ ನೋಡಿ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ನೀವು ನೋಡುವ ಬಣ್ಣದಲ್ಲಿ ಮೂರನೇ ಎರಡು ಪಾಲು ಅಂದಾಜು! ಆದರೂ ಅದನ್ನು ಸುಳ್ಳು ಅನ್ನಲಾಗದು. ಆ ಅಂದಾಜಿಗೆ ಆಧಾರ ಆ ಹೊತ್ತಿಗೆ ಆ ಲೆನ್ಸಿನೊಳಗೆ ಬಂದ ಬೆಳಕೇ ತಾನೆ? ಕತ್ತಲಾದ ಮುಖವನ್ನು ಸ್ವಲ್ಪ ಬೆಳಗಿಸಿದರೂ ಅಷ್ಟೇ.

2023ರ ಮಾರ್ಚ್‌ನಲ್ಲಿ ರೆಡ್ಡಿಟ್ ಎಂಬ ಆನ್‌ಲೈನ್ ಚರ್ಚಾತಾಣದ ಬಳಕೆದಾರರೊಬ್ಬರು ಸೊಗಸಾದ ಪರೀಕ್ಷೆ ಮಾಡಿದರು. ಚಂದ್ರನ ಚಿತ್ರವೊಂದನ್ನು 170x170 ಪಿಕ್ಸೆಲ್‌ಗೆ ಕುಗ್ಗಿಸಿ, ಬೇಕಂತಲೇ ಮಸುಕು ಮಾಡಿ, ಕಂಪ್ಯೂಟರ್ ಪರದೆ ಮೇಲಿಟ್ಟರು. ಕೋಣೆಯ ದೀಪ ಆರಿಸಿ, ದೂರದಿಂದ ಸ್ಯಾಮ್‌ಸಂಗ್ ಫೋನಿನಲ್ಲಿ ಜೂಮ್ ಮಾಡಿ ಕ್ಲಿಕ್ಕಿಸಿದರು. ಪರದೆ ಮೇಲೆ ಬರೀ ಬಿಳಿ ಮಬ್ಬು. ಫೋಟೋದಲ್ಲಿ ಮಾತ್ರ ಕುಳಿಗಳು, ಕಲೆಗಳು! ಚಂದ್ರನನ್ನು ಗುರುತಿಸಿ ವಿವರ ಹೆಚ್ಚಿಸುವ ಎಐ ಫೋನಿನಲ್ಲಿದೆ ಎಂದು ಕಂಪನಿಯೇ ವಿವರಿಸಿತು. ಆ ಕುಳಿಗಳು ಲೆನ್ಸಿನೊಳಗೆ ಬಂದದ್ದಲ್ಲ, ಬೇರೆ ಚಂದ್ರನ ಚಿತ್ರಗಳಿಂದ ಕಲಿತದ್ದು. ನನ್ನ ಮಟ್ಟಿಗೆ ಫೋಟೋ ನಿಜದ ಗೆರೆ ದಾಟುವುದು ಇಲ್ಲೇ.

ಆದರೆ ಬೆಳಕು ಅಲ್ಲಿಯದೇ ಆಗಿದ್ದರೆ ಸಾಕಾ? ಸಾಲದು. 1982ರ ಫೆಬ್ರವರಿಯ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಮುಖಪುಟದಲ್ಲಿ ಗೀಜಾ ಪಿರಮಿಡ್‌ಗಳಿದ್ದವು. ಅಡ್ಡ ಫೋಟೋ ಉದ್ದ ಪುಟಕ್ಕೆ ಹೊಂದಲಿ ಅಂತ ಅವುಗಳನ್ನು ಹತ್ತಿರ ಸರಿಸಿದ್ದರು. ಪಿರಮಿಡ್‌ಗಳು ನಿಜ, ನಡುವಿನ ಅಂತರ ಸುಳ್ಳು.

ಅದೇ ಕೆಲಸ ಈಗ ಕಾಲದ ಮೇಲೆ ನಡೆಯುತ್ತಿದೆ. 2023ರಲ್ಲಿ ಬಂದ ಗೂಗಲ್ ಪಿಕ್ಸೆಲ್ 8 ಫೋನಿನ 'ಬೆಸ್ಟ್ ಟೇಕ್' ಸೌಲಭ್ಯ ನೋಡಿ. ಗ್ರೂಪ್ ಫೋಟೋಗಳನ್ನು ಸಾಲಾಗಿ ತೆಗೆದರೆ, ಒಂದರಲ್ಲಿ ಕಣ್ಣು ಮುಚ್ಚಿದವರಿಗೆ ಇನ್ನೊಂದರಿಂದ ಅವರದೇ ನಗುಮುಖ ತಂದು ಕೂರಿಸಬಹುದು. ಎಲ್ಲ ಮುಖಗಳೂ ನಿಜ, ಎಲ್ಲರೂ ಒಟ್ಟಿಗೆ ನಕ್ಕ ಕ್ಷಣ ಮಾತ್ರ ಇರಲೇ ಇಲ್ಲ. ಮನೆಯ ಆಲ್ಬಮ್ಮಿಗೆ ಇದರಿಂದ ತೊಂದರೆಯಿಲ್ಲ ಬಿಡಿ. ಪಂಚಾಯಿತಿ ಸಭೆಯ ಸುದ್ದಿಚಿತ್ರದಲ್ಲಿ ಹೀಗೆ ಮಾಡಿದರೆ, ಎಲ್ಲರೂ ಒಪ್ಪಿದರು ಅನ್ನುವ ಸುಳ್ಳು ಹುಟ್ಟುತ್ತದೆ.

ಹಾಗಾಗಿ ಏನು ಬದಲಾಯಿತು ಅನ್ನುವ ದಾಖಲೆ ಫೋಟೋ ಜೊತೆಗೇ ಇರಬೇಕು. 2023ರ ಲೈಕಾ ಎಂ11-ಪಿ ಕ್ಯಾಮೆರಾ ಕ್ಲಿಕ್ಕಿಸಿದ ಕೂಡಲೇ ಫೈಲಿಗೆ ಡಿಜಿಟಲ್ ಸಹಿ, ಅಂದರೆ ಅದು ಎಲ್ಲಿಂದ ಬಂತು ಎಂದು ಪರಿಶೀಲಿಸಬಹುದಾದ ಗುರುತು, ಹಾಕಬಲ್ಲದು. ಅದಕ್ಕೆ ಹೊಂದುವ ಸಾಫ್ಟ್‌ವೇರ್‌ನಲ್ಲಿ ಮಾಡಿದ ಬದಲಾವಣೆಗಳೂ ದಾಖಲಾಗುತ್ತವೆ. ಆದರೆ ಯಾರಾದರೂ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೆ ಆ ಸಹಿ ಜೊತೆಗೆ ಬರುವುದಿಲ್ಲ.