ತಿಂಗಳ ಲೆಕ್ಕ, ವರ್ಷದ ಕಾನೂನು

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯ ಸುತ್ತಮುತ್ತ ಬಡ್ಡಿಯನ್ನು ಯಾರೂ ಶೇಕಡಾವಾರಿನಲ್ಲಿ ಹೇಳುವುದಿಲ್ಲ. 'ನೂರಕ್ಕೆ ಮೂರು ರೂಪಾಯಿ' ಎಂದರೆ ಮುಗಿಯಿತು, ಅದು ತಿಂಗಳಿಗೆ ಎಂದು ಬಿಡಿಸಿ ಹೇಳಬೇಕಿಲ್ಲ. ವರ್ಷಕ್ಕೆ ಶೇ. 36 ಆಯಿತು. ಸರ್ಕಾರ ಲೇವಾದೇವಿಗೆ ಹಾಕಿದ ಮಿತಿ ಭದ್ರತೆ ಇರುವ ಸಾಲಕ್ಕೆ ವರ್ಷಕ್ಕೆ ಶೇ. 14, ಇಲ್ಲದ್ದಕ್ಕೆ ಶೇ. 16. ಪೇಟೆಯ ಲೆಕ್ಕದಲ್ಲಿ ಶೇ. 14 ಎಂದರೆ ಒಂದೂಕಾಲು ರೂಪಾಯಿಗೂ ಕಡಿಮೆ. ಆ ದರಕ್ಕೆ ಒಡವೆ ಅಡವಿಟ್ಟು ಬಂದವರನ್ನು ನಾನಂತೂ ಕಂಡಿಲ್ಲ.

ಬಡ್ಡಿ ಅಸಲನ್ನು ಮೀರಬಾರದೆಂಬ ದಾಮ್‌ದುಪಟ್ ನಿಯಮ ಬಲು ಹಳೆಯದು. ಬ್ರಿಟಿಷರು 1855ರಲ್ಲಿ ಬಡ್ಡಿ ಮಿತಿಯ ಕಾನೂನುಗಳನ್ನೇ ತೆಗೆದುಹಾಕಿ, 1918ರಲ್ಲಿ ಅತಿಬಡ್ಡಿಯ ವಿಚಾರವನ್ನು ಕೋರ್ಟಿಗೆ ಬಿಟ್ಟರು. ನಮ್ಮಲ್ಲಿ ಲೇವಾದೇವಿಗೊಂದು, ಗಿರವಿಗೊಂದು ಕಾಯ್ದೆ ಬಂದದ್ದು 1961ರಲ್ಲಿ. ಪರವಾನಗಿ ಸಹಕಾರ ಇಲಾಖೆಯದು. 1976ರಲ್ಲಿ ದೇವರಾಜ ಅರಸು ಸರ್ಕಾರ ಋಣ ಪರಿಹಾರ ಕಾಯ್ದೆ ತಂದಿತು. 2004ರಲ್ಲಿ ಮೀಟರ್ ಬಡ್ಡಿಗೆ ಮೂರು ವರ್ಷದವರೆಗೆ ಜೈಲು ಎಂದಾಯಿತು.

ಅಷ್ಟರಲ್ಲಿ ಸಾಲ ಕೊಡುವವರೇ ಬದಲಾಗಿದ್ದರು. ಗೂಡಿನಿಂದ ನೂಲು ತೆಗೆಯುವ ರೀಲರ್‌ಗೆ ಗೂಡು ಕೊಳ್ಳಲು ಕೈಯಲ್ಲಿ ಹಣ ಬೇಕು. ಬಿಚ್ಚಾಣಿಕೆ ಮುಗಿದು ನೂಲು ಮಾರಾಟವಾದ ಮೇಲಷ್ಟೇ ಅದು ಮರಳುತ್ತದೆ. ನಡುವಿನ ದಿನಗಳನ್ನು ದೂಡಲು ಮೊದಲು ಗಿರವಿ ಅಂಗಡಿಯಿತ್ತು. ಆಮೇಲೆ ಕಿರುಸಾಲ ಕಂಪನಿಗಳ ವಾರದ ಸಂಘ ಬಂತು. ಒಡವೆ ಕೇಳಲಿಲ್ಲ, ಪತ್ರ ಕೇಳಲಿಲ್ಲ. ಹೆಂಗಸರು ಗುಂಪು ಕಟ್ಟಿಕೊಂಡು ಒಬ್ಬರಿಗೊಬ್ಬರು ಜಾಮೀನು ನಿಂತರೆ ಸಾಕು. ಒಬ್ಬಳ ಕಂತು ತಪ್ಪಿದರೆ ಉಳಿದವರು ಕೈಯಿಂದ ಹಾಕಬೇಕು. ಅಕ್ಕಪಕ್ಕದವರ ಮುಂದೆ ಮಾನ ಹೋಗುತ್ತದೆಂಬ ಅಂಜಿಕೆಯೇ ಅಲ್ಲಿ ಅಡಮಾನ. ಒಂದು ಸಂಘದ ಕಂತು ತೀರಿಸಲು ಇನ್ನೊಂದರಲ್ಲಿ ಸಾಲ ಎತ್ತುವುದೂ ಶುರುವಾಯಿತು. 2009ರಲ್ಲಿ ಕೋಲಾರದ ಮುಸ್ಲಿಂ ಸಮುದಾಯದ ಅಂಜುಮನ್ ಸಮಿತಿ ಕಂತು ಕಟ್ಟಬೇಡಿ ಎಂದಿತು. ಬಿಸಿ ಶಿಡ್ಲಘಟ್ಟ, ರಾಮನಗರಕ್ಕೂ ತಟ್ಟಿತು. ಕಿರುಸಾಲ ಕಂಪನಿಗಳ ಮೇಲೆ ನೆರೆಯ ಆಂಧ್ರ ತಂದ ಸುಗ್ರೀವಾಜ್ಞೆ 2010ರ ಅಕ್ಟೋಬರಿನದು. ದೇಶದ ಕಣ್ಣು ಈ ಸಾಲಗಳತ್ತ ಹೊರಳಿದ್ದು ಆಗ. ನಮ್ಮ ರೇಷ್ಮೆ ಊರುಗಳಲ್ಲಿ ಅದಕ್ಕೂ ಮುಂಚೆಯೇ ಹೊಗೆ ಎದ್ದಿತ್ತು.

ರಿಸರ್ವ್ ಬ್ಯಾಂಕ್ 2011ರಲ್ಲಿ ಕಿರುಸಾಲಕ್ಕೆ ಶೇ. 26ರ ಮಿತಿ ಹಾಕಿತು, ಆಮೇಲೆ ಅದನ್ನು ಕಂಪನಿಯ ಸ್ವಂತ ಖರ್ಚಿಗೆ ಜೋಡಿಸಿತು, 2022ರ ಏಪ್ರಿಲ್‌ನಿಂದ ಮಿತಿಯನ್ನೇ ಎತ್ತಿಬಿಟ್ಟಿತು. ದರ ನಿರ್ಧರಿಸುವುದು ಕಂಪನಿಯ ಆಡಳಿತ ಮಂಡಳಿ. ವಿಪರೀತ ಆಗಬಾರದು, ಅಷ್ಟೇ. ವಿಪರೀತ ಎಂದರೆ ಎಷ್ಟೆಂದು ಅಂಕಿಯಿಲ್ಲ. ಮರುತಿಂಗಳೇ, ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿರುವ ಹಣಕಾಸು ಕಂಪನಿಗಳಿಗೆ ರಾಜ್ಯಗಳ ಲೇವಾದೇವಿ ಕಾಯ್ದೆ ತಗಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಕೇರಳದ ಪ್ರಕರಣದಲ್ಲಿ ಹೇಳಿತು. ಹೀಗಾಗಿ ಶೇ. 14ರ ಕಾನೂನು ಉಳಿದದ್ದು ಬೀದಿಯ ಗಿರವಿ ಅಂಗಡಿಯಂಥವರಿಗೆ. ಎದುರು ಸಾಲಿನ ಗಾಜಿನ ಬಾಗಿಲಿನ ಚಿನ್ನದ ಸಾಲದ ಕಂಪನಿ ಅದರಾಚೆ.

2025ರ ಫೆಬ್ರವರಿಯಲ್ಲಿ ರಾಜ್ಯ ತಂದ ಕಿರುಸಾಲ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿ ಆಮೇಲೆ ಅಂಕಿತ ಹಾಕಿದರು. ಅದರ ಗುರಿ ದರಕ್ಕಿಂತ ಹೆಚ್ಚಾಗಿ ವಸೂಲಿಯ ದೌರ್ಜನ್ಯ: ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಗಿರವಿಯ ದೂರು ಸಹಕಾರ ಇಲಾಖೆಗೆ, ಕಂಪನಿಯ ದೂರು ರಿಸರ್ವ್ ಬ್ಯಾಂಕಿಗೆ, ಬೆದರಿಕೆಯದು ಠಾಣೆಗೆ. ಮನೆಯೊಳಗೆ ಈ ವಿಂಗಡಣೆ ಇಲ್ಲ. ಬುಧವಾರದ ಕಂತಿಗೆ ಮಂಗಳವಾರ ಸಂಜೆ ಕಿವಿಯ ಓಲೆ ಗಿರವಿಗೆ ಹೋಗುತ್ತದೆ, ನೂರಕ್ಕೆ ಮೂರರಂತೆ.