ಮಿನುಗುವುದು ಗಾಳಿ, ಮಿಡಿಯುವುದು ನಕ್ಷತ್ರ

ಏಪ್ರಿಲ್ ಕೊನೆಯ ವಾರ, ಮೂಡಿಗೆರೆ ಹತ್ತಿರ ನಮ್ಮ ಕಾಫಿ ಕಣ. ಮಳೆ ಬಿದ್ದು ಆಕಾಶ ತೊಳೆದಿಟ್ಟ ಹಾಗಿತ್ತು. ರಾತ್ರಿ 11 ದಾಟಿದ ಮೇಲೆ ದಕ್ಷಿಣಕ್ಕೆ, ದಿಗಂತದಿಂದ ಮೂರು ಮುಷ್ಟಿ ಎತ್ತರದಲ್ಲಿ ಒಮೆಗಾ ಸೆಂಟಾರಿ ಸಿಕ್ಕಿತು. ಸುಮಾರು 17,000 ಜ್ಯೋತಿರ್ವರ್ಷ ದೂರದ ಗೋಳಗುಚ್ಛ. ಒಂದು ಕೋಟಿಯಷ್ಟು ನಕ್ಷತ್ರಗಳ ಜಾತ್ರೆ.

ಪಕ್ಕದ ತೋಟದ ಗೌಡರು ಬೇರೆಯದೇ ಒಂದು ಚುಕ್ಕಿ ತೋರಿಸಿ, "ನೀವು ಹೇಳೋ ಮಿಡಿತ ಅಂದ್ರೆ ಇದೇ ಏನ್ರೀ, ಹಿಂಗೆ ಮಿಣಮಿಣ ಅನ್ನೋದು?" ಅಂದರು. ಅಲ್ಲ. ಮಿಣಮಿಣ ನಮ್ಮ ಗಾಳಿಯ ಆಟ, ಮಿಡಿತ ನಕ್ಷತ್ರದ ಒಡಲಿನದ್ದು. ಮದುವೆಯಲ್ಲಿ ಅಚಲನೆಂದು ತೋರಿಸುವ ಧ್ರುವನೂ ಸುಮಾರು ನಾಲ್ಕು ದಿನಕ್ಕೊಮ್ಮೆ ಉಬ್ಬಿ ತಗ್ಗುತ್ತಾನೆ. ಪುರೋಹಿತರಿಗೆ ಹೇಳಿ ನೋಡಿ!

ಉಬ್ಬುವುದೇಕೆ? ಕಡುಬಿನ ಪಾತ್ರೆ ನೆನೆಯಿರಿ. ಮುಚ್ಚಳ ಕೂತಾಗ ಹಬೆ ಒಳಗೇ ಕಟ್ಟುತ್ತದೆ, ಎದ್ದಾಗ ಬುಸ್ಸೆಂದು ಹೋಗುತ್ತದೆ, ಮತ್ತೆ ಕೂರುತ್ತದೆ. ನಕ್ಷತ್ರದಲ್ಲಿ ಮುಚ್ಚಳವೆಂದರೆ ಸುಮಾರು 40,000 ಡಿಗ್ರಿಯ ಹೀಲಿಯಂ ಪದರ. ಮಾಮೂಲಿ ಅನಿಲ ಹಿಂಡಿದಷ್ಟೂ ಕಾಯುತ್ತದೆ, ಪಾರದರ್ಶಕವಾಗುತ್ತದೆ, ಶಾಖ ಬಿಟ್ಟು ತಣ್ಣಗಾಗುತ್ತದೆ. ಅಲುಗಾಟ ಅಲ್ಲಿಗೆ ಸತ್ತಿತು. ಈ ಪದರ ಉಲ್ಟಾ. ಹಿಂಡಿದ ಶಕ್ತಿಯೆಲ್ಲ ಹೀಲಿಯಂನ ಕೊನೆಯ ಎಲೆಕ್ಟ್ರಾನ್ ಕೀಳುವುದಕ್ಕೇ ಖರ್ಚಾಗಿ ಬಿಸಿ ಅಷ್ಟಾಗಿ ಏರುವುದಿಲ್ಲ, ಪದರ ಮಬ್ಬಾಗಿ ಶಾಖಕ್ಕೆ ಅಡ್ಡ ನಿಲ್ಲುತ್ತದೆ. ಗೊರೂರು ಅಣೆಕಟ್ಟಿನಲ್ಲಿ ನೀರು ಏರಿದಾಗ ಗೇಟು ಮುಚ್ಚುವ, ಇಳಿದಾಗ ತೆರೆಯುವ ತಲೆತಿರುಕ ಒಬ್ಬನಿದ್ದರೆ ಹೇಗೋ ಹಾಗೆ. ಉಯ್ಯಾಲೆ ಹಿಂದಕ್ಕೆ ಬಂದು ನಿಂತ ಗಳಿಗೆಗೇ ಸರಿಯಾಗಿ ತಳ್ಳು ಬೀಳುತ್ತದೆ ಎಂದರೂ ಆದೀತು. ಈ ಮುಚ್ಚಳದ, ಅಂದರೆ ಕವಾಟದ ಊಹೆ ಬ್ರಿಟನ್ನಿನ ಖಗೋಳವಿಜ್ಞಾನಿ ಎಡಿಂಗ್ಟನ್ನರದು; ಕವಾಟ ಹೀಲಿಯಂನದ್ದೆಂದು 1950ರ ದಶಕದಲ್ಲಿ ತೋರಿಸಿದವರು ರಷ್ಯಾದ ಜೆವಾಕಿನ್.

ಅದಕ್ಕೂ ಮೊದಲೇ ಅಮೆರಿಕದ ಖಗೋಳವಿಜ್ಞಾನಿ ಸಾಲನ್ ಬೈಲಿ ಪೆರುವಿನ ಅರೆಕಿಪಾದಲ್ಲಿ ತೆಗೆದ ಗಾಜಿನ ಫಲಕಗಳಲ್ಲಿ, ಇದೇ ಒಮೆಗಾ ಸೆಂಟಾರಿಯಲ್ಲಿ ಬೆಳಕು ಏರಿಳಿಯುವ 128 ನಕ್ಷತ್ರಗಳನ್ನು ಒಂದೊಂದಾಗಿ ಎಣಿಸಿ 1902ರಲ್ಲಿ ಪ್ರಕಟಿಸಿದ್ದರು. ಕಂಪ್ಯೂಟರ್ ಇಲ್ಲದ ಕಾಲ. ಆ ತಾಳ್ಮೆಗೆ ಕೈ ಮುಗಿಯಬೇಕು.

ಬೈಲಿಗೆ ಸಿಗದೆ ಉಳಿದದ್ದು ಗುಚ್ಛದ ನಟ್ಟನಡು. ಹೆಚ್ಚು ಹೊತ್ತು ಬೆಳಕು ಕೂಡಿಸಿದರೆ ಅಲ್ಲಿನ ಕೆಂಪು ದೈತ್ಯರು (ಬಲು ಪ್ರಖರವಾದ ಮುದಿ ನಕ್ಷತ್ರಗಳು) ಹಾಲು ಉಕ್ಕಿದಂತೆ ಅಕ್ಕಪಕ್ಕಕ್ಕೆ ಹರಿಯುತ್ತಾರೆ, ಜೊತೆಗೆ ಗಾಳಿ ಎಲ್ಲವನ್ನೂ ಕಲಸುತ್ತದೆ. ಚಿಲಿಯ ಲಾ ಸಿಲ್ಲಾದಲ್ಲಿರುವ 1.54 ಮೀಟರ್ ಡ್ಯಾನಿಶ್ ದೂರದರ್ಶಕದವರು ಸೆಕೆಂಡಿಗೆ 10 ಚಿತ್ರ ತೆಗೆದು, ಚುಕ್ಕಿಯ ಮೇಲೆ ಚುಕ್ಕಿ ಕೂರುವ ಹಾಗೆ ಸರಿಸಿ ಪೇರಿಸಿದರು. ಇಂಥ ಬೇರೆ ಕೆಲವು ಗೋಳಗುಚ್ಛಗಳ ನಡುವಿನಿಂದ ಹೊಸ ಮಿಡಿಯುವ ನಕ್ಷತ್ರಗಳು ಎದ್ದು ಬಂದವು.

ನನ್ನ ಸಣ್ಣ ದೂರದರ್ಶಕಕ್ಕೆ ಆ ವೇಗವಿಲ್ಲ. 20 ಸೆಕೆಂಡಿಗೊಂದು ಚಿತ್ರ, ಅದೂ ಗುಚ್ಛದ ಅಂಚಿನಲ್ಲಿ ಒಂಟಿಯಾಗಿ ಸಿಕ್ಕ ಆರ್‌ಆರ್ ಲೈರೆ ಎಂಬ ಜಾತಿಯ ಒಂದು ಮಿಡಿಯುವ ನಕ್ಷತ್ರದ್ದು. ಗಂಟೆಗಟ್ಟಲೆ ಮಂಕಾಗಿದ್ದದ್ದು ಒಂದು ಗಂಟೆಯೊಳಗೆ ಹತ್ತಿರಹತ್ತಿರ ಎರಡು ಪಟ್ಟು ಬೆಳಗಿತು. ಇನ್ನೂ ಏರುತ್ತಿತ್ತು, ಅಷ್ಟರಲ್ಲಿ ಕಣಿವೆಯಿಂದ ಮಂಜು ಬಂತು. ಅದರ ಮಿಡಿತದ ಅವಧಿ ಸುಮಾರು 15 ಗಂಟೆ; ಮರುರಾತ್ರಿ ಅದೇ ಹೊತ್ತಿಗೆ ನೋಡಿದಾಗ ಏರು ಎಂದೋ ಮುಗಿದು ಇಳಿಜಾರಿನಲ್ಲಿತ್ತು.